ಇಟ್ಟಿಗೆ ಗೂಡಿನ ತಿರುವು

ಒತ್ತಿದ ಮೇಲೆ ಬೆರಳನ್ನು ಇನ್ನೊಂದು ಅಂಗೈಗೆ ಉಜ್ಜಿಕೊಳ್ಳುವುದು ಅವಳಿಗೆ ಯಾವಾಗ ಅಭ್ಯಾಸವಾಯಿತೋ ನೆನಪಿಲ್ಲ. ಕೆಸರು ಮೆತ್ತಿದ ಕೈಯನ್ನು ಒರೆಸಿಕೊಂಡ ಹಾಗೆ ಒಮ್ಮೆ ಉಜ್ಜಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದಳು. ಇವತ್ತು ಊಟ ಮುಗಿಸಿ ಬಂದು ಕೂತಾಗಲೂ ಹಾಗೇ ಆಯಿತು. ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನು ಒಂದೇ ಒಂದು ಸಲ ಗುರ್ರೆಂದು ಸುಮ್ಮನಾಯಿತು. ಅಣ್ಣನ ಲಾರಿ ಇಟ್ಟಿಗೆ ಗೂಡಿನ ತಿರುವು ದಾಟಿತೆಂದು ಅದರ ಅರ್ಥ. ಅವಳು ಪರದೆಯ ಮೇಲೆ ಅವನು ಹೊತ್ತು ತರುತ್ತಿದ್ದ ಕಂಟೇನರಿನ ಸಾಲನ್ನು ಹುಡುಕಿ 'ಬಂದಿದೆ' ಎಂಬುದನ್ನು ಒತ್ತಿದಳು. ಒತ್ತಿದ ಕೂಡಲೇ ಆಗುವುದೆಲ್ಲ ಆಯಿತು. ಸಂಜೆಯ ಗೂಡ್ಸ್ ರೈಲಿನಲ್ಲಿ ಆ ಡಬ್ಬಕ್ಕೊಂದು ಜಾಗ ಸಿಕ್ಕಿತು. ಎಲ್ಲೋ ದೂರದ ಬಂದರಿನಲ್ಲಿ ಹಡಗಿನವರ ಪರದೆಯ ಮೇಲೆ ಇಂಥದ್ದು ಬರುತ್ತಿದೆ ಎಂಬ ಸಾಲು ಮೂಡಿತು. ಸರಕಿನ ಒಡೆಯನ ಫೋನಿಗೆ 'ನಿಮ್ಮ ಸರಕು ನಮ್ಮ ಅಂಗಳ ಸೇರಿದೆ' ಎಂಬ ಸಂದೇಶ ಹೋಯಿತು. ಮತ್ತು ನಕ್ಷೆಯ ಮೇಲೆ ಇಷ್ಟು ಹೊತ್ತೂ ಇರುವೆಯ ಹಾಗೆ ತೆವಳುತ್ತಿದ್ದ ಲಾರಿಯ ಹಸಿರು ಚುಕ್ಕಿ ಅಳಿದುಹೋಯಿತು. ಬಂದು ಮುಟ್ಟಿದ ಲಾರಿಯನ್ನು ಇನ್ನು ನೋಡುತ್ತ ಕೂರುವುದು ಯಾಕೆ?

ಬರುವ ಮೊದಲೇ ಒತ್ತುವುದು ಅಲ್ಲಿ ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ ಒತ್ತಿದರೆ ರೈಲಿನ ಜಾಗ ಇನ್ಯಾರದೋ ಪಾಲಾಗುತ್ತದೆ, ಡಬ್ಬ ಮುಂದಿನ ರೈಲಿಗೆಂದು ಬಿಸಿಲಲ್ಲಿ ಬೇಯುತ್ತ ಬಿದ್ದಿರುತ್ತದೆ, ಡ್ರೈವರು ಖಾಲಿ ಕೈಯಲ್ಲಿ ಕಾಯುತ್ತಾನೆ. ಹಾಗಾಗಿ ಎಲ್ಲ ಡ್ರೈವರುಗಳೂ ತಿರುವಿನಲ್ಲಿ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು, ಲಾರಿ ಮೇಜಿನಲ್ಲಿ ಕೂತವರು ಒತ್ತುತ್ತಿದ್ದರು. ತಿರುವಿನಿಂದ ಮುಂದೆ ಗೇಟಿನದು ಬಿಟ್ಟು ಬೇರೆ ದಾರಿಯಿಲ್ಲ, ತಿರುವಿಗೆ ಬಂದವನು ಬಂದೇ ಬರುತ್ತಾನೆ. ಲಾರಿಯಿಂದ ರೈಲಿಗೆ ಡಬ್ಬ ಏರಿಸುವ ಆ ಅಂಗಳದ ಕಚೇರಿಯಲ್ಲಿ, ಮೂರನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿ, ಲಾರಿಗೊಂದು, ರೈಲಿಗೊಂದು, ಹಡಗಿಗೊಂದು ಮೇಜು. ಹಡಗಿನ ಮೇಜಿನವನು ರಜೆಯಲ್ಲಿದ್ದ. ರೈಲಿನ ಮೇಜಿನ ಮುದುಕನನ್ನು ಎಲ್ಲರೂ ರೈಲು ಮಾವ ಎನ್ನುತ್ತಿದ್ದರು, ಅವನು ಅವಳನ್ನು ಲಾರಿಯಕ್ಕ ಎನ್ನುತ್ತಿದ್ದ. ಬೆಳಿಗ್ಗೆ ಮ್ಯಾನೇಜರು ಬಾಗಿಲಲ್ಲಿ ನಿಂತು, ಊಟದ ಹೊತ್ತಿನ ನಂತರ ಗೇಟಿನ ಕ್ಯಾಮೆರಾ ಕೂಡ ನಮ್ಮ ಕಂಪ್ಯೂಟರ್ ಜಾಲಕ್ಕೆ ಸೇರುತ್ತದೆ, ಇನ್ನು ಮೇಲೆ ಗೇಟು ತಾನೇ ಡಬ್ಬದ ನಂಬರು ಓದಿಕೊಂಡು ನಿಮ್ಮನ್ನು ಕೇಳುತ್ತದೆ, ನೀವು ಒಪ್ಪಿದರೆ ಅಡ್ಡಕೋಲು ಏಳುತ್ತದೆ, ಅಷ್ಟೇ, ಎಂದು ಹೇಳಿ ಹೋಗಿದ್ದರು. ಏನೋ ಒಂದು ಹೊಸದು ಪ್ರತಿ ವಾರವೂ ಸೇರುತ್ತಲೇ ಇತ್ತು. 'ಸೇರಲಿ, ಸೇರಲಿ,' ಎಂದಿದ್ದ ರೈಲು ಮಾವ, 'ಒಂದಿನ ನಮ್ಮ ಮನೆ ಸೊಸೇನೂ ಜಾಲಕ್ಕೆ ಸೇರಿಸಿಬಿಟ್ರೆ ಊಟ ಯಾವಾಗ ಅಂತಾದ್ರೂ ಗೊತ್ತಾಗುತ್ತೆ.' ಅವಳು ನಕ್ಕಿದ್ದಳು. ಮ್ಯಾನೇಜರು ಹೇಳಿದ್ದು ಆ ನಗುವಿನ ಜೊತೆಗೇ ಕಿವಿಯಿಂದ ಜಾರಿಹೋಗಿತ್ತು.

ಊಟವಾದ ಮೇಲೆ ನಿಜಕ್ಕೂ ಪರದೆಯ ಮೂಲೆಯಲ್ಲಿ ಹಳದಿ ಸಾಲುಗಳು ಮಿಣುಕತೊಡಗಿದವು. ಇಂಥ ನಂಬರಿನ ಡಬ್ಬ ಗೇಟಿನಲ್ಲಿದೆ, ಒಪ್ಪಿಗೆಯೇ? ಅವು ರೈಲಿಗೆ ಹೋಗದ ಖಾಲಿ ಡಬ್ಬಗಳು, ಅವನ್ನು ಮೊದಲೇ ಒತ್ತುವ ರೂಢಿಯಿರಲಿಲ್ಲ, ನಕ್ಷೆಯಲ್ಲೂ ಅವು ಕಾಣುತ್ತಿರಲಿಲ್ಲ. ಅವಳು ಒಪ್ಪಿಗೆ ಒತ್ತುತ್ತಿದ್ದಳು, ಸಾಲು ಮಾಯವಾಗುತ್ತಿತ್ತು. ಆಟದ ಹಾಗಿತ್ತು. ಅದರ ನಡುವೆ ರೈಲು ಮಾವ ಕನ್ನಡಕವನ್ನು ಹಣೆಗೇರಿಸಿಕೊಂಡು, 'ಲಾರಿಯಕ್ಕ, ಒಂದು ಡಬ್ಬ ಎಲ್ಲಿ ಬಚ್ಚಿಟ್ಟಿದ್ದೀಯಮ್ಮ? ಕ್ರೇನಿನವನು ಸಾಲುಸಾಲು ಹುಡುಕ್ತಾ ಇದಾನೆ, ಸಿಗ್ತಿಲ್ವಂತೆ,' ಎಂದು ನಂಬರು ಓದಿದ. ಅಣ್ಣನ ಡಬ್ಬ. ಅವಳು ಆಗ ಗಡಿಯಾರದ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದಳು. ಅಣ್ಣ ತಿರುವು ದಾಟಿದಾಗ ಎದುರಿನ ಗೋಡೆಯ ಬುಡದಲ್ಲಿದ್ದ ಬಿಸಿಲು ಈಗ ಗೋಡೆ ಹತ್ತಿ ಅರ್ಧಕ್ಕೆ ಬಂದಿತ್ತು. ತಿರುವಿನಿಂದ ಗೇಟಿಗೆ ನಡೆದುಕೊಂಡು ಬಂದರೂ ಅಷ್ಟು ಹೊತ್ತು ಹಿಡಿಯುವುದಿಲ್ಲ. 'ಅಲ್ಲೇ ಎಲ್ಲೋ ಇರುತ್ತೆ ಮಾವ, ಸರಿಯಾಗಿ ನೋಡೋಕ್ಕೆ ಹೇಳಿ,' ಎಂದಳು. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಕೇಳಿ ಅವಳಿಗೇ ಮುಜುಗರವಾಯಿತು. ನಕ್ಷೆಯನ್ನು ತೆರೆದಳು. ಬೇರೆಯವರ ಲಾರಿಗಳ ಹಸಿರು ಚುಕ್ಕಿಗಳು ಎಲ್ಲ ದಾರಿಗಳಲ್ಲೂ ಇದ್ದವು. ಇಟ್ಟಿಗೆ ಗೂಡಿನಿಂದ ಈಚೆಯ ದಾರಿ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎಡಗೈ ಜೋಮು ಹಿಡಿಯುತ್ತೆ ಕಣೇ ಎಂದು ಅಣ್ಣ ಹೇಳಿದ್ದು ಯಾವತ್ತು? ಅವಳ ಮನೆಯ ಮೆಟ್ಟಿಲ ಮೇಲೆ ಕೂತು, ಯಾರಿಗೂ ಹೇಳಬೇಡ, ನಿನ್ನ ಅತ್ತಿಗೆಗಂತೂ ಬೇಡ, ಹೇಳಿದ್ರೆ ಲಾರಿ ಕೀಲಿ ಬಾವಿಗೆ ಎಸೀತಾಳೆ ಎಂದು ನಗುತ್ತ ಆ ಕೈಯನ್ನು ಬಲಗೈಯಿಂದ ಹಿಟ್ಟು ನಾದುವ ಹಾಗೆ ನಾದಿಕೊಂಡಿದ್ದ. ಡಾಕ್ಟರಿಗೆ ತೋರಿಸು ಎಂದು ಅವಳು ಹೇಳಿದ್ದಳು. ಹೇಳಿ ಮರೆತಿದ್ದಳು. ಈಗ ಆ ಕೈ ಸ್ಟಿಯರಿಂಗಿನಿಂದ ಜಾರಿ, ಲಾರಿ ರಸ್ತೆಯ ಪಕ್ಕದ ಹಳ್ಳಕ್ಕೆ ಮೂತಿ ತೂರಿಸಿ ನಿಂತಿರುವುದು ಕಣ್ಣಿಗೆ ಕಟ್ಟಿತು. ಹಾಗೆ ನಿಂತಿದ್ದರೆ ಯಾರಿಗೆ ಗೊತ್ತಾಗಬೇಕು? ಬರದೇ ಇದ್ದ ಲಾರಿಯನ್ನು ಲಾರಿಯ ಒಡೆಯ ಹುಡುಕುತ್ತಾನೆ, ಕಚೇರಿ ಹುಡುಕುತ್ತದೆ, ಚುಕ್ಕಿ ನಿಂತಲ್ಲೇ ನಿಂತರೆ ಪರದೆಯೇ ಕೆಂಪಗಾಗಿ ಕೂಗುತ್ತದೆ. ಬಂದು ಮುಟ್ಟಿದವನನ್ನು ಹುಡುಕುವವರು ಯಾರೂ ಇಲ್ಲ. ಅವನನ್ನು ನೋಡುತ್ತಿದ್ದದ್ದು ಒಂದೇ ಒಂದು ಕಣ್ಣು. ಅದನ್ನು ಅವಳೇ ಒತ್ತಿ ಮುಚ್ಚಿದ್ದಳು.

ಗದ್ದೆಗೆ ನೀರು ಕಟ್ಟುವಾಗಲೂ ಹೀಗೇ ಮಾಡುತ್ತಿದ್ದರು. ಅಣ್ಣ ಮೇಲೆ, ಕಾಲುವೆಯಿಂದ ಗದ್ದೆಗೆ ನೀರು ತಿರುಗುವ ಮಡೆಯ ಬಾಯಲ್ಲಿ, ಗುದ್ದಲಿ ಹಿಡಿದು ನಿಲ್ಲುತ್ತಿದ್ದ, ಲಂಗ ಎತ್ತಿ ಕಟ್ಟಿಕೊಂಡ ಅವಳು ಕೆಳಗೆ ಕೊನೆಯ ಸಾಲಿನಲ್ಲಿ. ನೀರು ಕೊನೆ ಮುಟ್ಟಿದ ಮೇಲೆ ಕೂಗಿದರೆ ಹೊತ್ತು ಮೀರಿರುತ್ತದೆ. ಅಣ್ಣ ಮಡೆ ಕಟ್ಟುವಷ್ಟರಲ್ಲಿ ಕಾಲುವೆಯಲ್ಲಿರುವ ನೀರೆಲ್ಲ ಬಂದು ಬದು ಒಡೆಯುತ್ತದೆ. ಹಾಗಾಗಿ ನೀರಿನ ಮೂತಿ ಇನ್ನೂ ನಾಲ್ಕು ಮಾರು ದೂರವಿರುವಾಗಲೇ, ಒಣ ಎಲೆಗಳನ್ನು ತಳ್ಳಿಕೊಂಡು ಅದು ಬರುವ ಸದ್ದು ಕೇಳಿದ ಕೂಡಲೇ, 'ಬಂತೂ' ಎಂದು ಕೂಗಬೇಕು. ಹೇಳಿಕೊಟ್ಟವನು ಅಣ್ಣನೇ. ಕಾಲುವೆಯಲ್ಲಿರೋ ನೀರು ಎಲ್ಲಿಗೆ ಹೋಗುತ್ತೆ ಹುಚ್ಚಿ, ಬಂದೇ ಬರುತ್ತೆ, ಎಂದಿದ್ದ. ಒಂದು ಸಲ ಮಾತ್ರ ಬರಲಿಲ್ಲ. ಅವಳು ಕೂಗಿದಳು, ಅಣ್ಣ ಮಡೆ ಕಟ್ಟಿದ, ನೀರು ನಡುದಾರಿಯಲ್ಲಿ ಏಡಿ ಕೊರೆದ ಬಿಲದೊಳಗೆ ಇಳಿದು ಪಕ್ಕದವರ ಹೊಲ ಸೇರಿತು. ಕೊನೆಯ ಸಾಲಿನ ಪೈರು ಬಾಡಿದ್ದು ಎರಡು ದಿನದ ಮೇಲೆ ಅಪ್ಪನ ಕಣ್ಣಿಗೆ ಬಿತ್ತು. 'ಯಾರು ಕೂಗಿದ್ದು?' ಎಂದು ಅಪ್ಪ ಕೇಳಿದ. ಅಣ್ಣ, 'ಯಾರೂ ಕೂಗಲಿಲ್ಲ, ನಾನೇ ಬೇಗ ಕಟ್ಟಿದೆ,' ಎಂದ. ಏಟು ತಿಂದು ಬಂದು ಅವಳ ಪಕ್ಕ ಕೂತು, ಬೆನ್ನು ತುರಿಸಿಕೊಳ್ಳುವುದಕ್ಕೆ ಒಂದು ಕಡ್ಡಿ ಹುಡುಕಿಕೊಡು ಎಂದಿದ್ದ, ಏನೂ ಆಗದವನ ಹಾಗೆ.

ಗೇಟಿಗೆ ಫೋನು ಮಾಡುವುದೋ ಬೇಡವೋ ಎಂದು ಕೈಯಲ್ಲಿ ಫೋನು ಹಿಡಿದು ಕೂತಳು. ಕೇಳಿದರೆ, ಬಂದಿದೆ ಎಂದು ಒತ್ತಿದವಳೇ ಬಂದಿದೆಯಾ ಎಂದು ಯಾಕೆ ಕೇಳುತ್ತಿದ್ದಾಳೆ ಎಂಬ ಮಾತು ಬರುತ್ತದೆ. ಆ ಮಾತಿನ ಬಾಲ ಹಿಡಿದುಕೊಂಡು ಹೋದರೆ ಇನ್ನೊಂದು ಮಾತೂ ಸಿಗುತ್ತದೆ. ಕೆಲಸಕ್ಕೆ ಸೇರುವ ದಿನ ಮ್ಯಾನೇಜರು, 'ಲಾರಿ ಓಡಿಸೋರು ನಿಮ್ಮೋರು ಯಾರಾದ್ರೂ ಇದಾರಾ? ಇದ್ರೆ ಈ ಮೇಜು ಕೊಡೋಕಾಗಲ್ಲ, ತಮ್ಮೋರಿಗೆ ಮೊದಲು ಜಾಗ ಕೊಡ್ತಾರೆ ಅಂತ ಉಳಿದೋರು ಗಲಾಟೆ ಮಾಡ್ತಾರೆ,' ಎಂದು ಕೇಳಿದ್ದರು. ಅವಳು ಇಲ್ಲ ಎಂದಿದ್ದಳು. ಹಿಂದಿನ ದಿನವೇ ಅಣ್ಣ, ಇಲ್ಲ ಅಂದ್ಬಿಡು, ನಾನೇನು ನಿನ್ನ ಹತ್ರ ನೆಂಟಸ್ತಿಕೆ ಮಾಡೋಕೆ ಬರ್ತೀನಾ ಎಂದಿದ್ದ. ಎಷ್ಟು ಹಗುರವಾಗಿ ಇಲ್ಲ ಎಂದೆ ಎಂದು ಅವಳು ಆಮೇಲೆ ಎಷ್ಟೋ ಸಲ ನೆನೆದುಕೊಂಡಿದ್ದಾಳೆ. ಕೊನೆಗೂ ಗೇಟಿಗೆ ಮಾಡಿದಳು. ಎತ್ತಿದವನು ಹೊಸಬ. ಹಿನ್ನೆಲೆಯಲ್ಲಿ ಹಾರ್ನುಗಳು. ಅವಳು ನಂಬರು ಹೇಳಿ, 'ಇದೊಂದು ನೋಡಿ,' ಎಂದಳು, ಏನು ನೋಡಬೇಕೆಂದು ಹೇಳದೆ. 'ಇದಾ? ಇದು ಒಳಗೆ ಬಂದಾಗಿದೆ ಮೇಡಂ. ಇಲ್ಲೇ ತೋರಿಸ್ತಿದೆಯಲ್ಲ, ಬಂದಿದೆ ಅಂತ. ಆಮೇಲೆ ಮಾತಾಡ್ತೀನಿ, ಇಲ್ಲೊಬ್ಬನ ಹತ್ರ ತಲೆನೋವಾಗಿದೆ.' ಇಟ್ಟುಬಿಟ್ಟ. ಒಂದು ಕ್ಷಣ ಅವಳಿಗೆ ಸಮಾಧಾನವೇ ಆಯಿತು. ಆಮೇಲೆ ಹೊಳೆಯಿತು: ಅವನು ಓದಿದ್ದು ಅವಳೇ ಬರೆದದ್ದನ್ನು. ರೈಲಿನವರನ್ನು ಕೇಳಿದರೂ ಅದನ್ನೇ ಓದಿ ಹೇಳುತ್ತಾರೆ, ಬಂದರಿನವರೂ ಅದನ್ನೇ. ಊರೆಲ್ಲ ಸುತ್ತಿದರೂ ಅವಳ ಬೆರಳಿನ ಗುರುತೇ ಎದುರಾಗುತ್ತದೆ. ಅಣ್ಣ ಎಲ್ಲಿದ್ದಾನೆಂದು ತಿಳಿದವರು ಅವರಲ್ಲಿ ಒಬ್ಬರೂ ಇಲ್ಲ.

ಹಿಂದೆ ಈ ಮೇಜುಗಳವರೆಲ್ಲ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕೂರುತ್ತಿದ್ದರು. ಧೂಳು, ಡೀಸೆಲ್ ಹೊಗೆ, ಬೆವರು. ಲಾರಿ ಬಂದರೆ ನೆಲ ಅದುರುತ್ತಿತ್ತು, ಮೇಜಿನ ಮೇಲಿನ ನೀರಿನ ಲೋಟದಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಯಾರ ಲಾರಿ ಎಂದು ತಲೆ ಎತ್ತದೆಯೇ ಹೇಳುತ್ತಿದ್ದಳು. ಮೂರನೆಯ ಮಹಡಿಗೆ ಬಂದ ಮೇಲೆ ಲೋಟದ ನೀರು ಅಲುಗಾಡುವುದಿಲ್ಲ. ಒಂದು ಸಲ ಅಣ್ಣ ಯಾವುದೋ ಮುದ್ರೆ ಹಾಕಿಸಲು ಇಲ್ಲಿಗೂ ಹತ್ತಿ ಬಂದಿದ್ದ. ನೆಲದ ಹೊಳಪು ನೋಡಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಎರಡೂ ಪಾದ ಜೋಡಿಸಿ ನಿಂತು, 'ಮೇಡಂ, ಒಂದು ಮುದ್ರೆ ಬೇಕಿತ್ತು,' ಎಂದಿದ್ದ. ಮ್ಯಾನೇಜರು ಅವಳ ಹಿಂದೆಯೇ ಇದ್ದರು. 'ಅಲ್ಲೇ ನಿಂತಿರಿ, ಕರೀತೀನಿ,' ಎಂದಳು ಅವಳು. ಎಲ್ಲರಿಗೂ ಹೇಳುವ ಮಾತೇ. ಆದರೆ ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಅವನನ್ನು ನಿಲ್ಲಿಸಿದಳು, ಅನುಮಾನ ಬರಬಾರದೆಂದು. ರೈಲು ಮಾವ, 'ಏನಪ್ಪ, ಚಪ್ಪಲಿ ಬಿಟ್ಟು ಬಂದಿದ್ದೀಯ, ಪೂಜೆಗೆ ಬಂದ್ಯಾ?' ಎಂದಾಗ ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಅಣ್ಣನೂ ನಕ್ಕ. ಅವನ ಹೆಬ್ಬೆರಳಿನ ಉಗುರು ಒಡೆದು ಕಪ್ಪಗಿತ್ತು. ಅದನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿಟ್ಟುಕೊಂಡ. ಆಮೇಲೆ ಅವನು ಮೇಲೆ ಬರಲಿಲ್ಲ. ತಿರುವಿನಿಂದ ಒಂದು ಮಿಸ್ಡ್ ಕಾಲ್, ಅಷ್ಟೇ.

'ಲಾರಿಯಕ್ಕ,' ಎಂದ ರೈಲು ಮಾವ, ಈ ಸಲ ಮೆಲ್ಲಗೆ. 'ಇನ್ನೇನು ಡಬ್ಬ ಏರಿಸಿ ರೈಲು ಕಟ್ಟೋಕೆ ಶುರು ಮಾಡ್ತಾರೆ. ಡಬ್ಬ ಇಲ್ದೇ ಇದ್ರೆ ನನ್ನ ತಲೆ ಮೇಲೆ ಬರುತ್ತೆ. ಮುಂಚೆ ಒತ್ತಿದ್ಯಾ?' ಅವಳು ಹೌದೆನ್ನುವಂತೆ ತಲೆಯಾಡಿಸಿದಳು. 'ಅದಕ್ಯಾಕೆ ಮುಖ ಹಾಗೆ ಮಾಡ್ತೀಯ. ವಾಪಸ್ ತಗೋ. ಯಾಕೆ ಅಂತ ಕೇಳುತ್ತಲ್ಲ, ಅಲ್ಲಿ ಚಾಲಕನ ತಪ್ಪು ಮಾಹಿತಿ ಅಂತಿದೆ ನೋಡು, ಅದನ್ನ ಒತ್ತು. ಎಲ್ರೂ ಅದನ್ನೇ ಒತ್ತೋದು.' ಎಲ್ಲರೂ ಅದನ್ನೇ ಒತ್ತುತ್ತಿದ್ದರು, ನಿಜ. ಅದನ್ನು ಒತ್ತಿದರೆ ಆ ಡ್ರೈವರಿಗೆ ಒಂದಷ್ಟು ದಿನ ಗೇಟಿನೊಳಗೆ ಪ್ರವೇಶವಿಲ್ಲ. ಯಾರು ಎಂದು ನೋಡುವ ಗೋಜಿಲ್ಲ, ಜಾಲವೇ ನೋಡಿಕೊಳ್ಳುತ್ತದೆ. ಅವಳು ವಾಪಸಾತಿಯ ಪುಟ ತೆರೆದಳು. ಕಾರಣಗಳು ಒಂದರ ಕೆಳಗೊಂದು ನಿಂತಿದ್ದವು. ಚಾಲಕನದು ಎಲ್ಲಕ್ಕಿಂತ ಮೇಲಿತ್ತು, ಬೆರಳು ತಾನಾಗಿಯೇ ಅಲ್ಲಿಗೆ ಹೋಗುವ ಹಾಗೆ. ಅಣ್ಣ ಹಳ್ಳದಲ್ಲಿ ಬಿದ್ದಿದ್ದರೆ ಅವನ ತಪ್ಪು ಎಂದು ಬರೆದರೂ ಅವನಿಗೇನು ಗೊತ್ತಾಗಬೇಕು. ಬಿದ್ದಿರದಿದ್ದರೆ, ಗೊತ್ತಾದರೂ, ಏನೂ ಅನ್ನುವುದಿಲ್ಲ. ಬೆನ್ನು ತುರಿಸಿಕೊಳ್ಳುವುದಕ್ಕೆ ಕಡ್ಡಿ ಕೇಳುತ್ತಾನೆ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕಾರಣಗಳ ಕೊನೆಯಲ್ಲಿ, ಯಾರೂ ಅಲ್ಲಿಯವರೆಗೆ ಇಳಿದು ಹೋಗದ ಜಾಗದಲ್ಲಿ, 'ಸಿಬ್ಬಂದಿಯ ತಪ್ಪು' ಎಂದಿತ್ತು. ಒತ್ತಿದಳು. ಯಾವ ಸಿಬ್ಬಂದಿ ಎಂದು ಕೇಳಿತು. ತನ್ನ ಹೆಸರು ಹಾಕಿದಳು. ರೈಲು ಮಾವನ ಕುರ್ಚಿ ಕಿರುಗುಟ್ಟಿತು. 'ಏನ್ ಮಾಡ್ದೆ ಮಾರಾಯ್ತಿ. ಇದು ಹಡಗಿನೋರವರೆಗೂ ಹೋಗುತ್ತೆ.' 'ಹೋಗಲಿ ಮಾವ,' ಎಂದಳು. 'ಬಂದಿದೆ ಅಂದಿದ್ದೂ ಅಲ್ಲಿವರೆಗೆ ಹೋಗಿತ್ತಲ್ಲ.'

ಬೆರಳನ್ನು ಅಂಗೈಗೆ ಉಜ್ಜಿಕೊಳ್ಳುವುದು ಮರೆತುಹೋಯಿತು. ನಕ್ಷೆಯಲ್ಲಿ ಚುಕ್ಕಿ ಮೂಡುವುದನ್ನೇ ಕಾದಳು. ಮೊದಲು ಇಟ್ಟಿಗೆ ಗೂಡಿನ ತಿರುವಿನಲ್ಲಿ ನೋಡಿದಳು, ಅಲ್ಲಿರಲಿಲ್ಲ. ಹಳ್ಳದ ಸೇತುವೆಯ ಮೇಲೆ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ನಕ್ಷೆಯ ಅಂಚಿನಲ್ಲಿ, ಅವರದೇ ಅಂಗಳದ ಗೋಡೆಗೆ ಅಂಟಿಕೊಂಡು, ಗೇಟಿನ ಹೊರಗೆ. ಅದರ ಜೊತೆಗೇ ಮೂಲೆಯಲ್ಲಿ ಹಳದಿ ಸಾಲು ಮಿಣುಕಿತು: ಈ ನಂಬರಿನ ಡಬ್ಬ ಗೇಟಿನಲ್ಲಿದೆ, ಒಪ್ಪಿಗೆಯೇ? ಆಗ ಬೆಳಿಗ್ಗೆ ಕಿವಿಯಿಂದ ಜಾರಿದ್ದು ಮೆಲ್ಲಗೆ ವಾಪಸು ಬಂತು. ಒಳಗೆ ಬಂದಾಗಿದೆ ಎಂದು ಒಮ್ಮೆ ದಾಖಲಾದ ಡಬ್ಬ ಇನ್ನೊಮ್ಮೆ ಬರುವುದು ಹೇಗೆ? ಗೇಟಿನ ಕಣ್ಣು ಅದನ್ನು ನೋಡಿಯೂ ಅವಳನ್ನು ಕೇಳಿರಲಿಲ್ಲ. ಅಡ್ಡಕೋಲು ಎದ್ದಿರಲಿಲ್ಲ. ಅಣ್ಣ ಬಂದಿದ್ದ. ಬರಬೇಕಾದ ಹೊತ್ತಿಗೇ ಬಂದು, ಅವಳು ಅವನನ್ನು ಮೊದಲೇ ಒಳಗೆ ಕಳಿಸಿಬಿಟ್ಟಿದ್ದರಿಂದ, ಅಷ್ಟೂ ಹೊತ್ತು ಹೊರಗೆ ನಿಂತಿದ್ದ.

ಒಪ್ಪಿಗೆಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ. ಚುಕ್ಕಿ ಲಾರಿಯದು, ಅಣ್ಣನದಲ್ಲ. ಲಾರಿ ನಿಂತಿದೆ ಎಂದಷ್ಟೇ ಅದು ಹೇಳುತ್ತದೆ. ಒಳಗೆ ಕೂತವನು ಹೇಗಿದ್ದಾನೆ, ಫೋನು ಯಾಕೆ ಎತ್ತುತ್ತಿಲ್ಲ, ಅದು ಹೇಳುವುದಿಲ್ಲ. ಅವಳು ಎದ್ದಳು. 'ಎಲ್ಲಿಗೆ?' ಎಂದ ರೈಲು ಮಾವ. 'ನೋಡ್ಕೊಂಡು ಬರ್ತೀನಿ.' 'ನೋಡೋದೇನಿದೆ, ಪರದೇಲೇ ಇದೆಯಲ್ಲ.' ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ಡಬ್ಬಗಳ ಗೋಡೆಗಳ ನಡುವೆ ಗಾಳಿಯಿರಲಿಲ್ಲ, ಕಬ್ಬಿಣ ಬಿಸಿಲು ಕುಡಿದು ಉಸಿರು ಬಿಡುತ್ತಿತ್ತು. ಈ ಅಂಗಳದಲ್ಲಿ ನಡೆದು ಎಷ್ಟು ಕಾಲವಾಯಿತೆಂದು ಅವಳ ಕಾಲುಗಳಿಗೇ ಆಶ್ಚರ್ಯವಾದ ಹಾಗಿತ್ತು. ಓಡಬೇಕೆನಿಸಿತು, ಓಡಿದರೆ ನೋಡುವವರು ಏನೆನ್ನುತ್ತಾರೋ ಎನಿಸಿತು. ಹಾಗನಿಸಿದ್ದಕ್ಕೆ ನಾಚಿಕೊಂಡು ಓಡಿದಳು.

ಲಾರಿಯನ್ನು ಸಾಲಿನಿಂದ ಹೊರಗೆ ತೆಗೆಸಿ ಗೋಡೆಯ ಬದಿಗೆ ನಿಲ್ಲಿಸಿದ್ದರು. ಉಳಿದ ಲಾರಿಗಳು ಅದನ್ನು ದಾಟಿ ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಅಣ್ಣ ತನ್ನ ಸೀಟಿನಲ್ಲಿ ಕೂತಿದ್ದ. ಎಡಗೈ ತೊಡೆಯ ಮೇಲಿತ್ತು, ಬಲಗೈ ಅದನ್ನು ನಾದುತ್ತಿತ್ತು. ಅವಳನ್ನು ನೋಡಿ ಅವನ ಮುಖದಲ್ಲಿ ಮೊದಲು ಬಂದದ್ದು ಗಾಬರಿ. ಆಮೇಲೆ ಅವನು ಯಾರನ್ನೂ ಗುರುತು ಹಿಡಿಯದವನ ಮುಖ ಹಾಕಿಕೊಂಡ. 'ಏನು ಮೇಡಂ, ನೀವ್ಯಾಕೆ ಬಂದ್ರಿ?' ಎಂದ, ಗೇಟಿನವನಿಗೆ ಕೇಳಿಸುವಂತೆ. ಗೇಟಿನವನು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದು ದೂರು ಶುರು ಮಾಡಿದ. 'ನೋಡಿ ಮೇಡಂ, ಇದೇ ತಲೆನೋವು ಅಂದಿದ್ದು, ನೀವು ಕೇಳಿದ ನಂಬರೇ ಇದು ಅಂತ ಫೋನು ಇಟ್ಟ ಮೇಲೆ ಹೊಳೀತು. ಒಳಗಿರೋ ಡಬ್ಬದ ನಂಬರು ಹೊರಗೂ ಇದೆ. ಮುಂಚೆನೇ ಒತ್ತಿಸ್ಕೊಂಡ್ಯಾ, ಯಾರು ಒತ್ತಿದ್ದು ಹೇಳಪ್ಪ ಅಂದ್ರೆ ಬಾಯೇ ಬಿಡಲ್ಲ. ಫೋನು ಬಡ್ಕೊಳ್ತಾ ಇದೆ, ತೆಗೆದು ನೋಡಲ್ಲ, ಸೀಟಿನ ಕೆಳಗೆ ತುರುಕಿ ಕೂತಿದಾನೆ. ಕೇಳಿದ್ರೆ, ಅದೇ ಸರಿಹೋಗುತ್ತೆ ಬಿಡಣ್ಣ, ನಾನೇನು ಓಡಿಹೋಗ್ತೀನಾ ಅಂತಾನೆ.'

ಅವಳ ಹೆಸರು ಅವನ ಫೋನಿನಲ್ಲಿ ತಂಗಿ ಎಂದಿತ್ತು. ಗೇಟಿನವನು ಪಕ್ಕದಲ್ಲೇ ನಿಂತಿರುವಾಗ ಅದು ಹೊಳೆದು ಹೊಳೆದು ಆರಿರಬೇಕು. ಅವಳು ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕಿಟಕಿಯನ್ನು ಹಿಡಿದುಕೊಂಡಳು. ಕಬ್ಬಿಣ ಸುಟ್ಟಿತು, ಬಿಡಲಿಲ್ಲ. 'ಕೈ ಹೇಗಿದೆ?' ಎಂದು ಕೇಳಿದಳು. 'ಕೆಳಗಿಳಿ,' ಎಂದ ಅವನು ತುಟಿ ಅಲುಗಿಸದೆ, ಅವಳೊಬ್ಬಳಿಗೇ ಕೇಳುವಂತೆ. 'ಇನ್ನೊಂದು ಗಳಿಗೆ ನೋಡಿ ಹಿಂದಕ್ಕೆ ತಿರುಗಿಸ್ತಿದ್ದೆ. ನಾಳೆ ಬರ್ತಿದ್ದೆ. ನಿನ್ನ ಕೆಲಸ ಹಾಳ್ಮಾಡ್ಕೋಬೇಡ, ಹೋಗು.' 'ಕೈ ಹೇಗಿದೆ ಅಂತ ಕೇಳ್ದೆ.' 'ಇದೆ, ಎಲ್ಲಿಗೆ ಹೋಗುತ್ತೆ.'

ಕೈಯಲ್ಲಿದ್ದ ಫೋನು ಗುರ್ರೆಂದಿತು. ಒಂದು ಸಲಕ್ಕೆ ನಿಲ್ಲಲಿಲ್ಲ. ಮ್ಯಾನೇಜರು. 'ಸೀಟು ಬಿಟ್ಟು ಎಲ್ಲಿದ್ದೀರಿ? ಸಿಬ್ಬಂದಿ ತಪ್ಪು ಅಂತ ಎಲ್ಲರಿಗೂ ಹೋಗಿದೆ, ರೈಲಿನವರು ನನ್ನ ಕೇಳ್ತಿದಾರೆ. ಇಲ್ಲಿ ಗೇಟಿನ ಪ್ರಶ್ನೆ ಮಿಣುಕ್ತಾನೇ ಇದೆ. ಆ ಲಾರಿ ಬಂದಿದ್ಯಾ ಇಲ್ವಾ? ಈ ಸಲ ಆದ್ರೂ ಸರಿಯಾಗಿ ಹೇಳಿ.' ಅಣ್ಣ ಅವಳನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದ. ಅಪ್ಪನ ಎದುರು ನಿಂತು, ಅವಳ ಕಡೆ ತಿರುಗದೆ, ಹೀಗೇ ಒಂದಿಷ್ಟೇ ಆಡಿಸಿದ್ದ. ಗೇಟಿನವನು ಟ್ಯಾಬ್ಲೆಟ್ಟಿನಿಂದ ಮುಖವೆತ್ತಿದ.

'ಬಂದಿದೆ ಸರ್,' ಎಂದಳು. 'ಮುಟ್ಕೊಂಡೇ ನಿಂತಿದ್ದೀನಿ. ಮುಂಚೆ ಒತ್ತಿದ್ದು ನಾನೇ. ಇದು ನಮ್ಮಣ್ಣನ ಲಾರಿ. ಒಡಹುಟ್ಟಿದ ಅಣ್ಣ.'

ಮ್ಯಾನೇಜರು ಮೇಲೆ ಬನ್ನಿ ಎಂದರೋ, ಏನೂ ಅನ್ನದೆ ಇಟ್ಟರೋ, ಹಿಂದಿನ ಲಾರಿಯ ಹಾರ್ನಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಾದ ಬಳಿಕ ಮೇಲಿನ ಕೋಣೆಯಲ್ಲಿ ಯಾರೋ, ರೈಲು ಮಾವನೇ ಇರಬೇಕು, ಅವಳ ಮೇಜಿನ ಹತ್ತಿರ ಬಂದು ಒತ್ತಿದರೆಂದು ಕಾಣುತ್ತದೆ, ಅಡ್ಡಕೋಲು ನಡುಗುತ್ತ ಮೇಲೆದ್ದಿತು. ಗೇಟಿನವನು ಹೋಗಿ ಎಂದು ಕೈಬೀಸಿದ. ಅಣ್ಣ ಲಾರಿ ಮುಂದೆ ಬಿಡಲಿಲ್ಲ. ಜೋಮು ಹಿಡಿದ ಕೈಯನ್ನು ತೊಡೆಯ ಮೇಲೆಯೇ ಬಿಟ್ಟು, ಆಚೆ ಬದಿಗೆ ಬಾಗಿ ಬಲಗೈಯಿಂದ ಅಲ್ಲಿಯ ಬಾಗಿಲನ್ನು ತಳ್ಳಿ ತೆರೆದು, ಅವಳು ಸುತ್ತಿ ಬಂದು ಹತ್ತುವುದನ್ನು ಕಾದ.